ಮೊಣಕಾಲಿನ ಡಾಕ್ಟರು ಬಾಯಿ ನೋಡಿದರು

ನವೆಂಬರ್ ೪, ಸೋಮವಾರ
…ಆ ಸಿಟ್ಟು ಇನ್ನೂ ಇಳಿದಿಲ್ಲ. ಶಿಗ್ಗಾವಿಗೆ ಹೋದದ್ದು ಮೊಣಕಾಲಿಗೆ. ಆಪರೇಶನ್ ಆದರೆ ಹೆಂಡತಿ ರಮಜಾನಬಿಯ ಕಬರಿನವರೆಗೆ ನಡೆದೇನು. ಕಬರಸ್ತಾನದ ಗೇಟಿನಿಂದಲೇ ದುವಾ ಮಾಡಿ ತಿರುಗುವುದು ಸಾಕಾಗಿದೆ.
ಡಾಕ್ಟರು ಬಾಯಿ ತೆರೆಸಿದರು. "ಒಸಡಿನಾಗ ಕೀವು ಐತಿ, ಶುಗರ್ ಇಳಿದಿಲ್ಲ. ಹೊಸ ಮೊಣಕಾಲು ಹಾಕಾಕ ಬರೂದಿಲ್ರಿ ಚಾಚಾ. ಮೊದ್ಲ ಹಲ್ಲು ತೋರಸ್ರಿ."
"ನಾ ಕಾಲಿಲೆ ಎಲಿ-ಅಡಿಕಿ ಅಗೀತೇನೇನ್ರಿ?"
ಮಗಳು ಫರ್ಹತ ಮೊಣಕೈಯಿಂದ ತಿವಿದಳು.

ನವೆಂಬರ್ ೬
ಹಲ್ಲಿನ ಡಾಕ್ಟರು ಫರ್ಹತಳಿಗಿಂತ ಚಿಕ್ಕ ಹುಡುಗಿ. "ಎಷ್ಟು ವರ್ಷದಿಂದ ರಕ್ತ ಬರ್ತೈತ್ರಿ?"
"ರಕ್ತ ಅಲ್ಲವ್ವಾ, ಎಲಿ. ಸವಣೂರಾಗ ಎಲ್ಲಾರ ಬಾಯೀನೂ ಕೆಂಪ."
ಮತ್ತೆ ಮತ್ತೆ ಮುಕ್ಕಳಿಸಲು ಹಚ್ಚಿದಳು. ಎಲೆಯ ಬಣ್ಣ ಹೋಯಿತು. ಕೆಂಪು ಹೋಗಲಿಲ್ಲ.
ಒಸಡಿನ ಹಳೆಯ ಉರಿಯೂತ, ಕ್ರಾನಿಕ್ ಇನ್‌ಫ್ಲಮೇಶನ್ ಅಂತೆ. ಇನ್‌ಫ್ಲೇಮ್ ಎಂದರೆ ಬೆಂಕಿ ಹಚ್ಚುವುದು, ಕಾಲೇಜಿನ ನೆನಪು. ಹೊಗೆಯಿಲ್ಲದ ಬೆಂಕಿ. ಎಲೆ, ಸುಣ್ಣ, ತಂಬಾಕು, ತಿಕ್ಕದ ಹಲ್ಲು — ಇವು ಕಾರಣ. ವರ್ಷಗಟ್ಟಲೆ ಮೈ ತನ್ನೊಂದಿಗೆ ತಾನೇ ಜಗಳಾಡುತ್ತದೆ. ದವಡೆಯ ಎಲುಬು ಸವೆಯುತ್ತದೆ, ಸಕ್ಕರೆ ಇಳಿಯುವುದಿಲ್ಲ, ಹೃದಯಕ್ಕೂ ಒಳ್ಳೆಯದಲ್ಲ — ಇವು ಪರಿಣಾಮ. ಇದನ್ನು ಇಷ್ಟು ವರ್ಷ ಯಾವ ಮಗ ಹೇಳಿದ?

ನವೆಂಬರ್ ೧೦
ಮೂರು ದಿನ ಬರೆಯಲಾಗಲಿಲ್ಲ.
ರಮಜಾನಬಿಯೂ ಕೆಂಪಗೇ ಉಗುಳುತ್ತಿದ್ದಳು. ಎಲೆ ಮಾರುವವರ ಮನೆಯಲ್ಲಿ ಕೆಂಪಿಗೆ ಹೆದರುವವರು ಯಾರು? ಬಾಯಿ ಉರಿ ಅಂದರೆ 'ಸುಣ್ಣ ಕಡಿಮೆ ಹಚ್ಚು' ಎಂದರು ಎಲ್ಲರೂ. ಆಮೇಲೆ ಹಾರ್ಟ್ ಅಟ್ಯಾಕ್.
ಹಲ್ಲಿನ ಡಾಕ್ಟರ್ ಹುಡುಗಿಗೆ ಫೋನ್ ಮಾಡಿದೆ. "ಅದರಿಂದನ ಹೋದಳೇನು?"
"ಹಂಗ ಹೇಳಾಕ ಬರೂದಿಲ್ರಿ. ಅದೂ ಒಂದು ಕಾರಣ ಇದ್ದಿರಬಹುದು."
ಇದ್ದಿರಬಹುದು! ಯಾರ ಕಪಾಳಕ್ಕೆ ಹೊಡೆಯಲಿ?

ನವೆಂಬರ್ ೧೨, ಸಂಜೆ
ನಾಳೆ ನಾಲ್ಕು ಹಲ್ಲು ಕೀಳುತ್ತಾರೆ. ಗೆಳೆಯ ಜಮಾಲಸಾಬ ಎಲೆಯ ಕಟ್ಟು ಹಿಡಿದು ಬಂದ. "ಹೆದರಬ್ಯಾಡ ದೋಸ್ತಾ, ಹಲ್ಲು ಹೋದ್ರ ಕುಟ್ಟಿ ಕೊಡ್ತೇನಿ."
"ಬಾಯಿ ತೊಳಕೊ!" ಒದರಿದೆ.
"ಕಾಲಿಗೆ ಹೋಗಿ ಬಾಯಿ ಕಳಕೊಂಡು ಬಂದಿ. ತಲೀನೂ ಹೋತೇನು?"
ನೀರಿನ ತಂಬಿಗೆ ಅವನ ಕೈಗೆ ತುರುಕಿದೆ. ಪೀಡೆ ತೊಲಗಲಿ ಎಂದು ಮುಕ್ಕಳಿಸಿದ. ಇನ್ನೊಮ್ಮೆ. ಮತ್ತೊಮ್ಮೆ ಮುಕ್ಕಳಿಸಿ ಬಿಳಿ ಬಸಿಯಲ್ಲಿ ಉಗುಳಿದ. ಇಬ್ಬರೂ ಬಗ್ಗಿ ನೋಡಿದೆವು: ಇನ್ನೂ ಕೆಂಪು. ಅವನ ನಗೆ ನಿಂತಿತು.
"ನಾಳಿ ಎಷ್ಟರ ಬಸ್ಸಿಗೆ ಹೋಗ್ತಿ?" ಎಂದು ಕೇಳಿ ಹೋದ.
ಅವನ ಹೆಂಡತಿ ಚಮನಬಿಯನ್ನೂ ಕರೆದುಕೊಂಡು ಬಾ ಎನ್ನಲು ಮರೆತೆ. ಅವಳೂ ದಿನವಿಡೀ ಎಲೆ ಹಾಕುತ್ತಾಳೆ. ಫೋನ್ ಎತ್ತುವುದಿಲ್ಲ ಆ ಬೇಕೂಫ. ಹೊರಗೆ ಬೆಳಕು ಹೋಗುತ್ತಿದೆ. ಕೋಲು ಹಿಡಿದು ಈಗಲೇ ಎದ್ದರೆ ಅವರ ಮನೆಯ ತನಕ—