ಹನ್ನೊಂದು ಭರಣಿಗಳು

ರಾಣೆಬೆನ್ನೂರು
೨೨-೧೦-೨೦೨೪

ಪ್ರೀತಿಯ ಶಬನಮ್,

ಶರಣು. ಕಾರವಾರದಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನೀನು ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಬೈಯಬೇಡ. ನಿನ್ನ ರುದ್ರಮುನಿ ಸರ್ ಪಕ್ಕದಲ್ಲೇ ಕೂತಿರುತ್ತಾರೆ. ಮಾತು ಹೋಗಿದೆ, ಕಿವಿ ನೆಟ್ಟಗಿದೆ. ಅದಕ್ಕೇ ಈ ಕಾಗದ.

ಇವರಿಗೆ ಪಾರ್ಶ್ವವಾಯು ಹೊಡೆದಾಗ ಡಾಕ್ಟರು, "ಅವ್ರಿಗೆ ಪ್ರೀತಿ ಇರೋ ಸಾಮಾನು ದಿನಾ ತೋರಸ್ರಿ, ಮಾತು ಬರ್ತೈತಿ" ಅಂದಿದ್ದರು. ಮದುವೆ ಫೋಟೋ ತೋರಿಸಿದೆ. ಸುಮ್ಮನೆ ನೋಡಿದರು. ನೀವು ವಿದ್ಯಾರ್ಥಿಗಳೆಲ್ಲ ಸರ್ ಜೊತೆ ಸಮುದ್ರದಂಡೆಯಲ್ಲಿ ಆಯ್ದು ತಂದು ಔಷಧಿ ನೀರಲ್ಲಿಟ್ಟಿದ್ದ ಪ್ರಾಣಿಗಳ ಆ ಗಾಜಿನ ಭರಣಿಗಳನ್ನು ಮುಂದಿಟ್ಟೆ ನೋಡು, ಬಾಯಿ ಬಿಟ್ಟರು. "ಏಡಿ." ಮರುದಿನ "ಸೀಗಡಿ." ಕಲ್ಲಿಗಂಟಿದ ಬಿಳಿಯದನ್ನು ನಾನು ಕಪ್ಪೆಚಿಪ್ಪು ಅಂದೆ. "ಅಲ್ಲ. ಕಾಲು ಅದಾವ" ಎಂದರು. ತಲೆಯನ್ನು ಕಲ್ಲಿಗೆ ಅಂಟಿಸಿಕೊಂಡು ಕಾಲಿನಿಂದ ಊಟ ಬಾಚಿಕೊಳ್ಳುತ್ತದಂತೆ! ಒಡಿಶಾದಿಂದ ತರಿಸಿದ್ದ ಕುದುರೆಲಾಳದ ಏಡಿ ತೋರಿಸಿದರೆ, "ಏಡಿ ಅಲ್ಲ, ಚೇಳಿನ ಬಳಗ" ಎಂದು ತಿದ್ದಿದರು. ಕಂಡವರ ಶಂಖದಲ್ಲಿ ಸಂಸಾರ ಹೂಡುವ ಏಡಿ, ಬೆಳೆಯುವಾಗ ಏಡಿ ಕಳಚಿಟ್ಟುಹೋದ ಚಿಪ್ಪಿನ ಖಾಲಿ ಅಂಗಿ, ಎಲ್ಲಕ್ಕೂ ಹೆಸರು ಬಂತು. ಕಾಲಿಗೆ ಗಂಟುಗಳಿದ್ದರೆ ಎಲ್ಲ ಒಂದೇ ಕುಲವೆಂದು ತಮ್ಮ ಬೆರಳು ಮಡಿಚಿ ತೋರಿಸುತ್ತಿದ್ದರು.

ನನ್ನ ಹೆಸರು ಮಾತ್ರ ಬರಲಿಲ್ಲ. ಮೂವತ್ತೈದು ವರ್ಷ ರೊಟ್ಟಿ ಬಡಿದವಳು ಸೀಗಡಿಗಿಂತ ಕಡೆಯಾದೆನೇ ಎಂದು ಸಿಟ್ಟು ಬಂತು, ನಗುವೂ ಬಂತು.

ಶ್ರಾವಣಕ್ಕೆ ಮುಂಚೆ ಸುಣ್ಣ ಹಚ್ಚುವಾಗ ಹನ್ನೊಂದೂ ಭರಣಿಗಳು ಬಿದ್ದು ಒಡೆದವು. ಅಂದಿನಿಂದ ಒಂದು ಮಾತಿಲ್ಲ. ಮೀನು ಮಾರುವ ಮೌಲಾಸಾಬನಿಂದ ತುಂಗಭದ್ರೆಯ ಏಡಿ ತರಿಸಿದೆ. "ಏನ್ರೀ ಅಕ್ಕಾರ, ಲಿಂಗಾ ಕಟ್ಟಿದವ್ರು ಏಡಿ ತಿನ್ನಾಕ ಸುರು ಮಾಡೀರೇನು?" ಎಂದು ನಕ್ಕ. ಇವರು ಅದನ್ನೊಮ್ಮೆ ನೋಡಿ ಮುಖ ತಿರುಗಿಸಿದರು. ಬೀಜದ ವ್ಯಾಪಾರದ ಈ ಊರಲ್ಲಿ ಯಾವ ಬೀಜ ಬೇಕಾದರೂ ಸಿಗುತ್ತದೆ, ಸಮುದ್ರದ್ದನ್ನು ಎಲ್ಲಿಂದ ತರಲಿ? ನೀನು ಮೀನುಗಾರಿಕೆ ಇಲಾಖೆಯಲ್ಲಿದ್ದೀ. ಸಿಕ್ಕಷ್ಟು ಜಾತಿಯವು ಒಂದೊಂದು ಕಳಿಸು, ತಾಯಿ. ಖಾಲಿ ಅಂಗಿಯೊಂದು ಸಿಕ್ಕರೂ ಸಾಕು.

ನಿನ್ನ ಮಕ್ಕಳು ಓದಿ ಮುಂದೆ ಬರಲಿ, ಮನೆ ತಣ್ಣಗಿರಲಿ.

ನಿನ್ನ,
ನಿರ್ಮಲಾ

ತಾ.ಕ.: ಭರಣಿಗಳು ಬಿದ್ದು ಒಡೆದವೆಂದು ಬರೆದದ್ದು ಸುಳ್ಳು. ಮನೆಯಲ್ಲಿ ಸ್ವಾಮಿಗಳ ಪಾದಪೂಜೆ ಇಟ್ಟುಕೊಂಡಿದ್ದೆವು. ಕುಪ್ಪೇಲೂರಿನಿಂದ ಬಂದ ಅತ್ತೆ ಗದಿಗೆವ್ವ, "ಸತ್ತ ಹುಳಾ ಮನ್ಯಾಗ ಇಟಗೊಂಡು ಅಜ್ಜಾರ ಪಾದಾ ತೊಳೀತೀಯೇನ?" ಎಂದರು. ಎದುರು ಹೇಳಲು ಧೈರ್ಯ ಬರಲಿಲ್ಲ. ಹಿತ್ತಿಲಲ್ಲಿ ಗುಂಡಿ ತೋಡಿ ಒಂದೊಂದೇ ಭರಣಿ ಸುರುವಿದೆ. ಮರುದಿನ ಬಂದ ಸ್ವಾಮಿಗಳು ಭರಣಿಗಳಿದ್ದ ಖಾಲಿ ಅಲಮಾರಿಯ ಕಡೆ ನೋಡಲೂ ಇಲ್ಲ.

ನಾನು ಸುರುವುವಾಗ ಇವರು ಹಿತ್ತಿಲ ಬಾಗಿಲು ಹಿಡಿದು ನಿಂತಿದ್ದರು. "ಸಾವಕಾಶ, ನಿರ್ಮಲಾ. ಕಾಲು ಮುರೀತಾವ" ಎಂದರು.

ನನ್ನ ಹೆಸರು ಬಂದಿತ್ತು, ಶಬನಮ್. ಅತ್ತೆ ನೋಡುತ್ತಿದ್ದರು. ನಾನು ತಿರುಗದೆ ಮಣ್ಣು ಎಳೆದೆ.