ಹರಿದ ಎಳೆಯ ಎರಡು ತುದಿ

ಮಂಗಳಾ,

ಈ ಕಾಗದವನ್ನು ಹೊಸದುರ್ಗದ ನಿನ್ನ ಮನೆಗೆ ಕಳಿಸುವುದಿಲ್ಲ. ಅವ್ವನ ಕಣ್ಣಿನ ಆಪರೇಷನ್ ವಿಷಯಕ್ಕೆ ನಾವು ಮಾತು ಬಿಟ್ಟಾಗಿನಿಂದ ಇಲ್ಲಿ ಹರಿಯಬ್ಬೆಯಲ್ಲಿ ಅವಳನ್ನು ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ದಣಿದಿದ್ದೇನೆ. ಇವತ್ತು ನಡೆದದ್ದನ್ನಷ್ಟೇ ಬರೆಯುತ್ತೇನೆ.

ಅವ್ವ ನನ್ನ ಮಗಳು ನಾಗಶ್ರೀಗೆ ರಾಟೆಯಲ್ಲಿ ಕಂಬಳಿಗೆ ನೂಲು ತೆಗೆಯುವುದನ್ನು ಕಲಿಸುತ್ತಿದ್ದಳು. ಎಳೆ ಹರಿಯಿತು. ಹುಡುಗಿ ಒಂದು ತುದಿಯ ಹುರಿಯನ್ನಷ್ಟೇ ಬಿಡಿಸಿ ಇನ್ನೊಂದಕ್ಕೆ ಸೇರಿಸಿ ಹೊಸೆದಳು. ರಾಟೆ ತಿರುಗಿಸಿದ ಕೂಡಲೇ ಅದು ಜಾರಿತು.

"ಗಂಟು ಹಾಕ್ಲಾ ಅಜ್ಜಿ?"

"ಹಾಕು. ಹೊದ್ಕಂಡೋರ ಬೆನ್ನಿಗೆ ಒತ್ತಲಿ. ನಿಮ್ಮವ್ವ ಹಾಕಿದ ಗಂಟು ನಂಗೆ ಇವತ್ತಿಗೂ ಒತ್ತತೈತೆ."

ನಾಗಶ್ರೀ ನಕ್ಕಳು. ಅವ್ವ ಎಳೆಯನ್ನು ತಡವಿ ನೋಡಿದಳು.

"ಲೇ, ಒಂದು ಕಡೆ ಮೆತ್ತಗಾಗಿ ಇನ್ನೊಂದು ಕಡೆ ಬಿಗಿಯಾಗೇ ಇದ್ರೆ ಹೆಂಗೆ ಕೂಡ್ತೈತೆ? ಎರಡೂ ಬಿಡಿಸ್ಬೇಕು."

ಆಮೇಲೆ ನನ್ನ ಕಡೆ ತಿರುಗಿ, "ಮಂಗಳಿ ಫೋನ್ ಮಾಡಿದ್ಲೇನೇ?" ಎಂದಳು.

ಸೋಮವಾರ ನೀನು ಮಾಡಿದ್ದೆ. ನಾನು ಎತ್ತಿರಲಿಲ್ಲ.

"ಇಲ್ಲ" ಎಂದೆ.

ಅವ್ವ ಮೊಮ್ಮಗಳ ಕೈಯಿಂದ ನೂಲು ತೆಗೆದುಕೊಂಡು, ಬಿಗಿಯಾಗಿದ್ದ ತುದಿಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸತೊಡಗಿದಳು.

ಅಕ್ಕ