ಅವ್ವೆ ಕಾಯುತ್ತಿದ್ದ ಬಣ್ಣ

ಅಪ್ಪಾ,

ಅವ್ವೆಯ ವಿಷಯ ನಿನಗೆ ಹೇಳಬೇಕು. ನೀನು ಹೋದ ಮೇಲೆ ಈ ಮನೆಯಲ್ಲಿ ಏನಾಯಿತೆಂದು ಯಾರಾದರೂ ನಿನಗೆ ತಿಳಿಸಲೇಬೇಕಲ್ಲ. ನನ್ನ ಬಿಟ್ಟರೆ ಇನ್ಯಾರಿದ್ದಾರೆ?

ಹೋದ ವರ್ಷ, ಮಳೆ ನಿಂತ ಮೇಲಿನ ಒಂದು ಮಧ್ಯಾಹ್ನ. ನಾನು ಕೆಲಸ ಮಾಡುವ ಊಟಿಯ ಸ್ವೆಟರ್ ಅಂಗಡಿಗೆ ರಜೆಯಿತ್ತು. ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಮನೆಯ ಹಿಂದಿನ ಕಾಲುದಾರಿಯಲ್ಲಿ ನಮ್ಮ ಟೀ ತೋಟಕ್ಕೆ ಇಳಿಯುತ್ತಿದ್ದೆ. ಅವ್ವೆ ಗಿಡಗಳ ನಡುವೆ ತಲೆ ಬಗ್ಗಿಸಿ ನಿಂತಿದ್ದಳು. ಅವಳ ಬೆನ್ನ ಹಿಂದೆ, ನಮ್ಮ ಅಂಗಳದಷ್ಟೂ ದೂರವಿಲ್ಲ, ಒಂಟಿ ಕಾಡುಕೋಣ. ನಾನು ಇದ್ದಲ್ಲೇ ನಿಂತೆ. ಕೂಗಿದರೆ ಅದು ಬೆದರಿ ನುಗ್ಗುತ್ತದೆ. ಕೂಗದಿದ್ದರೆ... ನಿನಗೇ ಗೊತ್ತಲ್ಲ, ಕೋಣ ಇನ್ನೂ ಹಳ್ಳದಾಚೆ ಇರುವಾಗಲೇ ಗಾಳಿಯಲ್ಲಿ ವಾಸನೆ ಹಿಡಿದು ಎಲ್ಲರನ್ನೂ ಮೇಲೆ ಹತ್ತಿಸುತ್ತಿದ್ದವಳು ಅವಳೇ. ಅದು ಮೂಗಿನಿಂದ ಬುಸ್ಸೆಂದಿತು. ಅವ್ವೆ ನೊಣ ಓಡಿಸುವವಳಂತೆ ಕಿವಿಯ ಬಳಿ ಕೈ ಬೀಸಿದಳು, ಅಷ್ಟೇ. ತಲೆ ಎತ್ತಲಿಲ್ಲ. ಕೋಣ ಅವಳನ್ನು ನೋಡುತ್ತ ನಿಂತಿತು. ಏನನ್ನಿಸಿತೋ, ತಿರುಗಿ ಕೆಳಗಿನ ಹಳ್ಳಕ್ಕೆ ಇಳಿದುಹೋಯಿತು.

ನಾನು ಓಡಿಹೋಗಿ ಅವಳ ತೋಳು ಹಿಡಿದು ಅಲುಗಿಸಿದೆ. ಅವಳು ಮುಖ ಎತ್ತದೆ, "ಇರು ಹೆಣ್ಣೇ, ಒಂದು ನಿಮಿಷ. ಈಗ ಬಂದೀತು" ಎಂದಳು. ಕೈಯಲ್ಲಿದ್ದ ಫೋನಿನಲ್ಲಿ ಒಂದು ಚಕ್ರ ತಿರುಗುತ್ತಿತ್ತು, ಕೆಂಪು, ಹಸಿರು, ಕೆಂಪು, ಹಸಿರು. ಹಸಿರಿಗೆ ನಿಂತಿತು. ಅವಳು ಕಾಯುತ್ತಿದ್ದದ್ದು ಕೆಂಪಿಗೆ. ಅವ್ವೆಯ ಬಾಯಿಂದ ಒಂದು ಸದ್ದು ಹೊರಟಿತು ಅಪ್ಪಾ. ಅಂಥ ಸದ್ದನ್ನು ನಾನು ಅದಕ್ಕೆ ಮುಂಚೆ ಒಮ್ಮೆ ಮಾತ್ರ ಕೇಳಿದ್ದೆ, ನಿನ್ನನ್ನು ಮನೆಗೆ ತಂದ ದಿನ.

ಆ ಫೋನ್ ಕೊಡಿಸಿದಾಗ ನನಗೆಷ್ಟು ಸಮಾಧಾನವಾಗಿತ್ತು! ನಿನ್ನ ಕರ್ಮಾಂತರ ಮುಗಿದು ನೆಂಟರೆಲ್ಲ ಹೊರಟಮೇಲೆ ಅವಳು ಮಾತೇ ಆಡುತ್ತಿರಲಿಲ್ಲ. ಫೋನ್ ಬಂದ ಮೇಲೆ ಎರಡು ಹೊತ್ತು ಊಟ ಮಾಡತೊಡಗಿದಳು, ಅದರಲ್ಲೇನೋ ನೋಡಿ ನಕ್ಕಳು ಕೂಡ. ಯಾವುದೋ ಹಾಡಿನ ವಿಡಿಯೊ ನಡುವೆ ಒಂದು ಜಾಹೀರಾತು ಬಂದಿತ್ತಂತೆ. ಹಣ ಕಟ್ಟಿ, ಬಣ್ಣ ಹೇಳಿ, ಗೆಲ್ಲಿ. ಮೊದಲ ದಿನವೇ ಗೆದ್ದಳಂತೆ. ಎಲ್ಲರನ್ನೂ ಮೊದಲ ದಿನ ಗೆಲ್ಲಿಸುತ್ತಾರೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ನೀನು ತೀರಿಕೊಂಡ ಮೇಲೆ ಬಸ್ ಡಿಪೋದಿಂದ ಬಂದ ಹಣವಿತ್ತಲ್ಲ, ಅದು ಹೋಯಿತು. ಎಷ್ಟು ಎಂದು ಕೇಳಬೇಡ.

ಕೇಳಿದಾಗ ಅವಳು ಒಪ್ಪಲಿಲ್ಲ. "ನಾ ಒಂದೂ ಮಾಡಿಲ್ಲೆ. ಸುಮ್ಮೆ ಟೈಮ್ ಪಾಸ್" ಎಂದಳು. ಮರುದಿನ ಅಳುತ್ತ ಎಲ್ಲ ಒಪ್ಪಿಕೊಂಡಳು. ಅದರ ಮರುದಿನ ಬಚ್ಚಲಿನ ಬಾಗಿಲು ಹಾಕಿಕೊಂಡು ಮತ್ತೆ ಆಡುತ್ತಿದ್ದಳು. ನಾನು ಫೋನ್ ಕಸಿದು ಬೀರುವಿನಲ್ಲಿಟ್ಟು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಡಿಗೆ ಹೋದೆ. ಅಂದೇ ಮಧ್ಯಾಹ್ನ ಪಕ್ಕದ ಮನೆಯ ಮಾಸಿ ಅಂಗಡಿಗೆ ಕರೆ ಮಾಡಿದಳು. "ನಿನ್ನ ಅವ್ವೆ ಮನೆಯಲ್ಲಿ ಇಲ್ಲೆ. ಬಾಗಿಲು ತೆಗೆದೇ ಉಂಟು. ಒಲೆ ಮೇಲೆ ಹಾಲು ಉಕ್ಕಿ ಹೋಗಿ ಉಂಟು."

ಸಿಕ್ಕ ಬಸ್ಸು ಹತ್ತಿ ಬಂದು ನಮ್ಮ ಹಟ್ಟಿಯಿಡೀ ಹುಡುಕಿದೆ. ಎಲೆ ತೂಗುವ ಶೆಡ್ಡಿನಲ್ಲಿ ಇಲ್ಲ, ಗುಡಿಯ ಮುಂದೆ ಇಲ್ಲ. ಕಲ್ಲಟ್ಟಿ ಕಡೆಯಿಂದ ಬಂದ, ಟೀ ಎಲೆ ಸಾಗಿಸುವ ಲೀಫ್ ಲಾರಿಯವನು, "ಕೆಳಗೆ ಫಾಲ್ಸ್ ಹತ್ತಿರ ನೋಡಿದೆ, ನಡೆದು ಹೋಗ್ತಾ ಇದ್ರು" ಎಂದ. ಅವನ ಲಾರಿಯನ್ನೇ ಹತ್ತಿದೆ. ನೀನು ದಿನವೂ ಮಸಿನಗುಡಿ ಬಸ್ಸು ಇಳಿಸುತ್ತಿದ್ದ ದಾರಿ. ಆವತ್ತು ಮಂಜು ಎಷ್ಟು ದಟ್ಟವಾಗಿತ್ತೆಂದರೆ ತಿರುವಿನ ಕಲ್ಲುಗಳು ಮೂಗಿಗೆ ತಾಕುವವರೆಗೂ ಕಾಣಲಿಲ್ಲ. ಪ್ರತಿ ತಿರುವಿನಲ್ಲೂ ನಾನು ರಸ್ತೆ ನೋಡಲಿಲ್ಲ, ಮಂಜು ಸರಿದಲ್ಲೆಲ್ಲ ಕೆಳಗಿನ ಕಣಿವೆ ನೋಡುತ್ತಿದ್ದೆ. ಏನು ಹುಡುಕುತ್ತಿದ್ದೆನೆಂದು ಬರೆಯಲಾರೆ.

ಅವಳು ಟೂರಿಸ್ಟರ ಕಾರುಗಳ ಬಳಿ ಇದ್ದಳು. ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡ, ಕಾಲಿಗೆ ಚಪ್ಪಲಿಯಿಲ್ಲದ ಮುದುಕಿ, ಯಾರೋ ಚಿಕ್ಕ ವಯಸ್ಸಿನ ಹೆಂಗಸಿನ ಮುಂದೆ ಕೈ ಚಾಚಿ ತಮಿಳಿನಲ್ಲಿ ಬೇಡುತ್ತಿದ್ದಳು. ನನ್ನ ಮಗಳು ಆಸ್ಪತ್ರೆಯಲ್ಲಿದ್ದಾಳೆ ಕಣಮ್ಮಾ, ಜೀವ ಉಳಿಯುತ್ತೋ ಇಲ್ಲವೋ, ಒಂದು ನಿಮಿಷ ಫೋನ್ ಕೊಡು. ಆ ಹೆಂಗಸು ಗಾಬರಿಯಿಂದ ಕೊಟ್ಟೇಬಿಟ್ಟಳು. ಅವ್ವೆಯ ಬೆರಳು ಯಾರ ನಂಬರನ್ನೂ ಒತ್ತಲಿಲ್ಲ. ಆಟ ತೆರೆಯಲು ಆಗಲೇ ಓಡುತ್ತಿತ್ತು. ಸಾಯುತ್ತಿದ್ದ ಆ ಮಗಳು, ನಾನು, ಅವಳ ಬೆನ್ನ ಹಿಂದೆಯೇ ನಿಂತಿದ್ದೆ, ಅಪ್ಪಾ.

"ಅವ್ವೆ" ಎಂದೆ.

ತಿರುಗಿ ನೋಡಿದಳು. ಫೋನನ್ನು ಆ ಹೆಂಗಸಿನ ಕೈಗೆ ತುರುಕಿ, ನೇರ ರಸ್ತೆಯಂಚಿನ ತಡೆಗೋಡೆಯ ಕಡೆ ನಡೆದಳು. ಓಡಲಿಲ್ಲ, ನಡೆದಳು. ಗೋಡೆಯ ಮೇಲೆ ಎರಡೂ ಕೈಯೂರಿ ಕೆಳಗೆ ಬಗ್ಗಿದಳು. ನಾನು ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಹಿಂದೆ ಯಾವುದೋ ಕಾರು ಹಾರ್ನ್ ಹೊಡೆಯುತ್ತಲೇ ಇತ್ತು.

"ಬಿಡು" ಎಂದಳು.

"ಬಿಡುವುದಿಲ್ಲ."

ಗೋಡೆಗೆ ಹಣೆಯಿಟ್ಟು, "ಎನಗೂ ಬಿಡೋಕೆ ಆಗ್ತಾ ಇಲ್ಲೆ ಹೆಣ್ಣೇ. ಬಿಡೋಣ ಅಂತ ದಿನಾ ನೆನೆಸ್ತೆ. ಕೈ ಎನ್ನ ಮಾತು ಕೇಳ್ತಾ ಇಲ್ಲೆ" ಎಂದಳು. ಅದು ಆಟದ ಮಾತೆಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಊಟಿಯ ಡಾಕ್ಟರಮ್ಮ ಅವಳನ್ನು ಬೈಯಲಿಲ್ಲ. ನಾನು ಬೈಯಿಸಲೆಂದೇ ಕರೆದುಕೊಂಡು ಹೋಗಿದ್ದೆನೇನೋ! "ಇದು ದುರಾಸೆಯಲ್ಲ, ಕಾಯಿಲೆ" ಎಂದರು. ಮಿದುಳು ಗೆಲುವಿಗಿಂತ, ಗೆಲುವು ಬರುವ ಮುಂಚಿನ ಆ ಕ್ಷಣಕ್ಕೇ ಹೆಚ್ಚು ಅಂಟಿಕೊಳ್ಳುತ್ತದಂತೆ. ಸೋತಷ್ಟೂ ಬಿಡಲಾಗುವುದಿಲ್ಲವಂತೆ. ಆಮೇಲೆ ಅವ್ವೆಯನ್ನು ಕೇಳಿದರು, "ಚಕ್ರ ತಿರುಗುವಾಗ ನಿಮಗೆ ಏನನ್ನಿಸುತ್ತದೆ?"

ಅವ್ವೆ ತನ್ನ ಕೈಗಳನ್ನೇ ನೋಡಿಕೊಂಡು ಹೇಳಿದಳು. ನೀನು ಬಸ್ಸು ಓಡಿಸುತ್ತಿದ್ದ ಅಷ್ಟು ವರ್ಷವೂ ಅವಳು ಸಂಜೆ ಅಂಗಳದಲ್ಲಿ ನಿಲ್ಲುತ್ತಿದ್ದಳಂತೆ. ಮಂಜಿನೊಳಗೆ ನಿನ್ನ ಬಸ್ಸು ಕೊನೆಯ ತಿರುವು ಹತ್ತುವ ಸದ್ದು ಕೇಳುವವರೆಗೆ ಎದೆ ಹಿಡಿದುಕೊಂಡೇ ಇರುತ್ತಿತ್ತಂತೆ. ಬಂದನೋ, ಬರಲಿಲ್ಲವೋ. "ಅವರು ಹೋದ ಮೇಲೆ ಸಂಜೆ ಎನಗ ಕಾಯೋಕೆ ಒಂದೂ ಇಲ್ಲೆ. ಅದರಲ್ಲಿ ಮಾತ್ರ ಏನೋ ಬರೋದು ಉಂಟು ಅನ್ನಿಸುತ್ತೆ."

ನಿನಗೆ ಗೊತ್ತಿತ್ತಾ ಅಪ್ಪಾ? ನನಗೆ ಗೊತ್ತಿರಲಿಲ್ಲ. ಒಳಗಿನ ಕೋಣೆಯಲ್ಲಿ ಓದುತ್ತ ಕೂತಿರುತ್ತಿದ್ದೆ. ಅವ್ವೆ ಅಂಗಳದಲ್ಲಿ ಗಾಳಿಗೆ ನಿಂತಿದ್ದಾಳೆ ಅಂದುಕೊಳ್ಳುತ್ತಿದ್ದೆ.

ಆಮೇಲೆ ಎಲ್ಲ ಸಲೀಸಾಯಿತು ಎಂದುಕೊಳ್ಳಬೇಡ. ಅವಳೇ ಬ್ಯಾಂಕಿನ ಕಾರ್ಡು ನನ್ನ ಕೈಗೆ ಕೊಟ್ಟಳು, ಬಟನ್ ಫೋನ್ ತೆಗೆದುಕೊಂಡಳು. ಮೊದಮೊದಲು ಸಂಜೆಯಾದರೆ ಮೈ ನಡುಗುತ್ತಿತ್ತು, ನನ್ನ ಮೇಲೆ ಪಾತ್ರೆ ಎಸೆಯುತ್ತಿದ್ದಳು. ಶನಿವಾರ ಊಟಿಯಲ್ಲಿ ಇಂಥವರೆಲ್ಲ ಸೇರಿ ಕೂತು ಮಾತಾಡುವ ಒಂದು ಗುಂಪಿದೆ. ಗಂಡಸರೇ ಹೆಚ್ಚು. ಅವ್ವೆ ಮೂಲೆಯಲ್ಲಿ ಕೂತು ಕೇಳಿ ಬರುತ್ತಿದ್ದಳು. ಚೇತರಿಸಿಕೊಂಡಳು ಅನ್ನುವಷ್ಟರಲ್ಲಿ ಮಾಸಿಯ ಸೊಸೆಯ ಫೋನಿನಲ್ಲಿ ಒಮ್ಮೆ ಆಡಿಬಿಟ್ಟಳು. ಆದರೆ ಆವತ್ತು ನಾನು ಹಿಡಿಯಬೇಕಾಗಲಿಲ್ಲ. ಅಂಗಡಿಯಿಂದ ಬರುವಾಗ ಬಾಗಿಲಲ್ಲೇ ನಿಂತಿದ್ದಳು. "ಇವತ್ತು ಜಾರಿದೆ" ಎಂದಳು. ನನಗೆ ಕಿರುಚಬೇಕೆನ್ನಿಸಿತು. ಕೈಕಾಲು ತೊಳೆದು ಬಂದು ಅವಳ ಪಕ್ಕ ಕೂತೆ.

ಈಗ ಹೋದ ಸೋಮವಾರದ ವಿಷಯಕ್ಕೆ ಬರುತ್ತೇನೆ. ಹಟ್ಟಿಯವರೆಲ್ಲ ಗುಡಿಯ ಮುಂದೆ ಸೇರುವ ದಿನ, ಎಲ್ಲರೆದುರು ಹೇಳಿಬಿಡುತ್ತೇನೆ ಎಂದು ಬೆಳಿಗ್ಗೆಯೇ ಹಟ ಹಿಡಿದಳು. ನಾನು ಬೇಡವೇ ಬೇಡ ಎಂದೆ. ಅಪ್ಪನ ಮರ್ಯಾದೆ ಏನಾಗುತ್ತದೆ ಎಂದು ಕೇಳಿದೆ. ಅವ್ವೆ ತಲೆವಸ್ತ್ರ ಬಿಗಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ನಿನ್ನ ಅಪ್ಪ ಸತ್ತ. ನಾ ಬದುಕಿ ಇದ್ದೇನೆ" ಎಂದಳು.

ಕೋಪ ಬಂತಾ ಅಪ್ಪಾ? ನನಗಂತೂ ಬಂತು. ಆಮೇಲೆ ಅವಳ ಹಿಂದೆ ಹೋದೆ. ಅವಳು ನಿಂತು ಹೇಳಿದಳು. ಕೋಣದ್ದು, ಕಲ್ಲಟ್ಟಿಯದ್ದು, ನಾನು ಆಸ್ಪತ್ರೆಯಲ್ಲಿದ್ದೇನೆಂದು ಹೇಳಿದ ಸುಳ್ಳು, ಎಲ್ಲ. ಒಬ್ಬಿಬ್ಬರು ಎದ್ದು ಹೋದರು. ಹಿಂತಿರುಗಿ ಬರುವಾಗ ನಮ್ಮಿಬ್ಬರೊಂದಿಗೆ ಯಾರೂ ಮಾತಾಡಲಿಲ್ಲ.

ಮನೆ ತಲುಪಿ ಒಲೆ ಹಚ್ಚುವಷ್ಟರಲ್ಲಿ ಬಾಗಿಲ ಬಳಿ ನೆರಳು ಬಿತ್ತು. ಆವತ್ತು ನನ್ನನ್ನು ಕಲ್ಲಟ್ಟಿಗೆ ಇಳಿಸಿದ ಲೀಫ್ ಲಾರಿಯ ಬೆಳ್ಳಿ. ಎರಡು ಮಕ್ಕಳ ತಂದೆ, ಗಟ್ಟಿ ಆಳು. ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ ನಿಂತಿದ್ದ. ಒಳಗೆ ಬಾ ಎಂದರೂ ಬರಲಿಲ್ಲ.

"ಮಾಮಿ, ಶನಿವಾರ ಹೋಗುವಾಗ ಎನ್ನನ್ನೂ ಕರೆದುಕೊಂಡು ಹೋಗ್ತಿಯಾ? ಮನೆಯಲ್ಲಿ ಇನ್ನೂ ಹೇಳಿಲ್ಲೆ."

ಅವ್ವೆ ಏನೂ ಕೇಳಲಿಲ್ಲ. "ಮೊದಲ ಬಸ್ಸಿಗೆ ಬಾ" ಎಂದಳು.

ಇವತ್ತು ಶನಿವಾರ. ಇಬ್ಬರೂ ಹೋಗಿದ್ದಾರೆ. ನಾನು ಅವಳ ಹಿಂದೆ ಹೋಗಿಲ್ಲ. ಗುಂಪಿನವರಿಗೆ ಫೋನ್ ಮಾಡಿ ಬಂದಳಾ ಎಂದು ವಿಚಾರಿಸಿಲ್ಲ. ಅವಳ ಚೀಲ ತಡಕಿಲ್ಲ. ಇಷ್ಟು ದಿನ ಮೂರನ್ನೂ ಮಾಡುತ್ತಿದ್ದೆ. ಇನ್ನು ಮಾಡುವುದಿಲ್ಲವೆಂದು ನಿನ್ನೆ ಅವಳಿಗೆ ಮಾತು ಕೊಟ್ಟೆ, ಈಗ ನಿನಗೂ ಕೊಡುತ್ತಿದ್ದೇನೆ. ಕೈ ಸುಮ್ಮನಿರುತ್ತಿಲ್ಲ ಅಪ್ಪಾ. ಆದರೂ ಹೋಗುವುದಿಲ್ಲ.

ನಿನ್ನ ಮಗಳು